ರೇಟ್ ಕೇಳಿದ್ರೆ ಯಾಕೆ ನಾಚ್ಕೋತೀರಿ? ಚಿತ್ರ ಬರೆಯೋರ ಪ್ರಶ್ನೆಗಳು, ನನ್ನ ಉತ್ತರಗಳು

ಹೋದ ತಿಂಗಳು ಇದೇ ಪುಟದಲ್ಲಿ, ಚಿತ್ರ ಬರೆದು ಬದುಕೋದರ ಬಗ್ಗೆ ಏನಾದ್ರೂ ಕೇಳೋದಿದ್ರೆ ಕೇಳಿ ಅಂದಿದ್ದೆ. ಬಂದಿರೋ ಪತ್ರ, ವಾಟ್ಸಾಪ್, ನಾಲ್ಕು ನಾಲ್ಕು ನಿಮಿಷದ ವಾಯ್ಸ್ ಮೆಸೇಜು ಎಲ್ಲಾ ಸೇರಿಸಿದ್ರೆ ಒಂದು ವಿಶೇಷಾಂಕಾನೇ ಮಾಡಬಹುದು. ಬಣ್ಣ, ಬ್ರಷ್ಷು, ಶೈಲಿ ಅಂತ ಕೇಳಿದವರು ಇಬ್ರೇ. ಮಿಕ್ಕವರೆಲ್ಲ ಕೇಳಿರೋದು ದುಡ್ಡಿನ ವಿಷಯ, ಅದೂ 'ತಪ್ಪು ತಿಳ್ಕೋಬೇಡಿ ಮೇಡಂ' ಅಂತ ಶುರು ಮಾಡಿ. ತಪ್ಪು ಯಾಕ್ರೀ ತಿಳ್ಕೊಳ್ಳಲಿ? ನಾನು ದಾವಣಗೆರೆ ಕಿರಾಣಿ ಅಂಗಡಿಯವರ ಮಗಳು, ಚಿತ್ರ ಬಿಡಿಸೋಕೆ ಮೊದಲು ಉದ್ರಿ ಪುಸ್ತಕ ಬರೆಯೋದು ಕಲಿತವಳು. ಅಂಥವಳೂ ನನ್ನ ಕೆಲಸದ ಲೆಕ್ಕ ಹತ್ತು ವರ್ಷ ಇಡಲೇ ಇಲ್ಲ, ಆ ಮರ್ಯಾದೆಗೆಟ್ಟ ಕಥೆ ಕೆಳಗೆ ಬರುತ್ತೆ.

ಚಿತ್ರಕಲೆ ಡಿಗ್ರಿ ಬಿವಿಎ ಮುಗಿಸಿ ಎರಡು ವರ್ಷ ಆಯ್ತು. ಇನ್‌ಸ್ಟಾಗ್ರಾಂನಲ್ಲಿ 11 ಸಾವಿರ ಫಾಲೋವರ್ಸ್ ಇದಾರೆ, ಆದ್ರೆ ಆರು ತಿಂಗಳಲ್ಲಿ ಮಾರಾಟ ಆಗಿದ್ದು ಎರಡೇ ಚಿತ್ರ. ಮನೇಲಿ ಬ್ಯಾಂಕ್ ಪರೀಕ್ಷೆ ಕಟ್ಟು ಅಂತಿದಾರೆ. ಕಮರ್ಷಿಯಲ್ ಕೆಲಸ ಹಿಡಿಯೋಣ ಅಂದ್ರೆ ಕೈ ಕೆಟ್ಟುಹೋಗುತ್ತೆ ಅಂತ ಸೀನಿಯರ್ಸ್ ಹೆದರಿಸ್ತಾರೆ. ಇದನ್ನೇ ನಂಬ್ಕೊಂಡು ಇರಬಹುದಾ ಮೇಡಂ? (ಮೈಸೂರಿನ ಓದುಗ)

ಮೊದಲು ಆ ಕೈ ಕೆಡೋ ಮಾತು. ಎಸ್.ಎಂ. ಪಂಡಿತ್ ಗೊತ್ತಲ್ಲ, ನಮ್ಮ ಗುಲ್ಬರ್ಗದವರು, 1916ರಲ್ಲಿ ಹುಟ್ಟಿದವರು. ಮುಂಬೈನಲ್ಲಿ ಸಿನಿಮಾ ಪೋಸ್ಟರು, ಕ್ಯಾಲೆಂಡರು ಬರೆದೇ ಬದುಕು ಕಟ್ಟಿದ್ರು, ಅವರು ಬರೆದ ದೇವರನ್ನ ಜನ ಕ್ಯಾಲೆಂಡರ್ ಹಳೇದಾದ್ಮೇಲೂ ಕಿತ್ತು ಬಿಸಾಕದೆ ಫ್ರೇಮ್ ಹಾಕಿಸ್ತಿದ್ರು. ಉಡುಪಿ ಹತ್ರದ ಕಟ್ಟಿಂಗೇರಿಯ ಚಿತ್ರಕಾರ ಕೆ.ಕೆ. ಹೆಬ್ಬಾರರು ಮುಂಬೈನ ಜೆ.ಜೆ. ಚಿತ್ರಕಲಾ ಸ್ಕೂಲಲ್ಲಿ ಪಾಠ ಹೇಳಿದವರು. ಪೋಸ್ಟರಿಂದ ಪಂಡಿತರ ಕೈಯೂ ಕೆಡಲಿಲ್ಲ, ಪಾಠದಿಂದ ಹೆಬ್ಬಾರರ ಕೈಯೂ ಕೆಡಲಿಲ್ಲ. ಕೈ ಕೆಡೋದು ಬಾಡಿಗೆ ಕಟ್ಟೋ ದಿನ ಹತ್ರ ಬಂತು ಅಂತ ಗಾಬರಿಯಲ್ಲಿ ಬರೆದಾಗ, ಅದು ನನ್ನ ಅನುಭವ.

ಈಗ ಒಂದು ನೋಟ್‌ಬುಕ್ ತಗೊಳ್ಳಿ, ಎಕ್ಸೆಲ್ ಬೇಡ. ನಿಮ್ಮ ತಿಂಗಳ ಖರ್ಚು ಬರೀರಿ. ರೂಮು 6 ಸಾವಿರ, ಊಟ 5, ಬಸ್ಸು ಫೋನು 2, ಬಣ್ಣ ಕಾಗದ 3, ಜ್ವರ ಗಿರ ಬಂದ್ರೆ ಅಂತ 2, ಒಟ್ಟು 18 ಸಾವಿರ ಅಂದ್ಕೊಳ್ಳಿ. ಈ 18 ಸಾವಿರ, ನಿಮ್ಮ ಸ್ವಂತ ಚಿತ್ರ ಒಂದೂ ಮಾರಾಟ ಆಗ್ಲಿಲ್ಲ ಅಂದ್ರೂ ಬರೋ ಹಾಗೆ ಮಾಡ್ಕೋಬೇಕು. ಶನಿವಾರ ಭಾನುವಾರ ಹತ್ತು ಮಕ್ಕಳಿಗೆ ಕ್ಲಾಸು, ತಲೆಗೆ 800 ಅಂದ್ರೂ 8 ಸಾವಿರ ಆಯ್ತು. ಪಠ್ಯಪುಸ್ತಕ, ಮಕ್ಕಳ ಪುಸ್ತಕ, ಲಗ್ನಪತ್ರಿಕೆ, ಶಾಲೆ ಅಂಗನವಾಡಿ ಗೋಡೆ, ಯಾವುದಾದ್ರೂ ಒಂದೆರಡು ಕಡೆ ನಂಟು ಇಟ್ಕೊಂಡ್ರೆ ಉಳಿದಿದ್ದು ಬರುತ್ತೆ. ಸ್ವಂತ ಚಿತ್ರ ಮಾರಿದ ದುಡ್ಡನ್ನ ಮಾತ್ರ ಊಟದ ಲೆಕ್ಕಕ್ಕೆ ಸೇರಿಸ್ಲೇಬೇಡಿ, ಅದು ಬೇರೆ ಖಾತೆಗೆ ಹೋಗಲಿ, ಫ್ರೇಮು, ಒಳ್ಳೆ ಕಾಗದ, ಪ್ರದರ್ಶನ, ಕೆಲಸ ಇಲ್ಲದ ಆಷಾಢ ಎಲ್ಲಾ ಅದರಿಂದ. ಊಟಕ್ಕೆ ಅಂತ ಆ ದುಡ್ಡು ಮುಟ್ಟಿದ್ರೆ ಹೋದ ಸಲ ಮಾರಾಟ ಆದ ಬುದ್ಧನನ್ನೇ ಮತ್ತೆ ಮತ್ತೆ ಬರೀತಾ ಕೂರ್ತೀರಿ. ನಾನೂ ಎರಡು ವರ್ಷ ಬುದ್ಧ ಬರೆದಿದೀನಿ, ಆಸೆಯೇ ದುಃಖಕ್ಕೆ ಮೂಲ ಅಂದವರನ್ನ ಬರೆದು ಬಾಡಿಗೆ ಕಟ್ಟಿದವಳು.

11 ಸಾವಿರ ಫಾಲೋವರ್ಸ್ ಇರಲಿ, ಆ ಎರಡು ಚಿತ್ರ ತಗೊಂಡವರು ಯಾರು, ಯಾಕೆ ತಗೊಂಡ್ರು, ಯಾವ ಗೋಡೆಗೆ ಹಾಕಿದಾರೆ, ಗೊತ್ತಾ? ಇಲ್ಲ ಅಂದ್ರೆ ಇವತ್ತೇ ಫೋನ್ ಮಾಡಿ. ಒಂದ್ಸಲ ದುಡ್ಡು ಕೊಟ್ಟು ತಗೊಂಡವರೇ ಇನ್ನೊಂದ್ಸಲ ತಗೊಳ್ಳೋದು, ಇಲ್ಲಾಂದ್ರೆ ಅವರ ಮನೆಗೆ ಬಂದ ನೆಂಟರು. ವಯಸ್ಸು 25 ದಾಟಿಲ್ಲ ಅಂದ್ರೆ ಕೇಂದ್ರ ಸಂಸ್ಕೃತಿ ಇಲಾಖೆಯ ಯುವ ಕಲಾವಿದರ ಸ್ಕಾಲರ್‌ಶಿಪ್ ನೋಡಿ, ತಿಂಗಳಿಗೆ 5 ಸಾವಿರದಂತೆ ಎರಡು ವರ್ಷ. 25 ದಾಟಿದ್ರೆ ಜೂನಿಯರ್ ಫೆಲೋಶಿಪ್ ಇದೆ, ತಿಂಗಳಿಗೆ 10 ಸಾವಿರ, ಅದೂ ಎರಡು ವರ್ಷ. ನಮ್ಮ ಲಲಿತಕಲಾ ಅಕಾಡೆಮಿ ಪ್ರಕಟಣೆಗಳ ಮೇಲೂ ಒಂದು ಕಣ್ಣಿರಲಿ. ಬ್ಯಾಂಕ್ ಪರೀಕ್ಷೆ ಕಟ್ಟೋದಾದ್ರೆ ಕಟ್ಟಿ, ಅದರಲ್ಲಿ ಅವಮಾನ ಏನಿಲ್ಲ, ಬೆಳಿಗ್ಗೆ ಐದಕ್ಕೆ ಎದ್ದು ಎರಡು ಗಂಟೆ ಬರೆದು ಆಮೇಲೆ ಡ್ಯೂಟಿಗೆ ಹೋಗೋರನ್ನ ನಾನು ಕಂಡಿದೀನಿ.

ಸ್ಕೂಲ್ ಟೀಚರ್ ನಾನು, ಜಲವರ್ಣ ಮಾಡ್ತೀನಿ. ಮುಂದಿನ ಚಿತ್ರಸಂತೆಗೆ ಮಳಿಗೆ ಹಾಕಬೇಕು ಅಂತ ಆಸೆ. ಏನೇನು ತರಬೇಕು, ಎಷ್ಟು ರೇಟ್ ಇಡಬೇಕು, ಏನೂ ಗೊತ್ತಿಲ್ಲ. (ಶಿವಮೊಗ್ಗದ ಓದುಗರು)

ಬನ್ನಿ ಬನ್ನಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನವರು 2003ರಲ್ಲಿ ಶುರು ಮಾಡಿದ್ದು ಇದು, ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೇಲಿ ಗಾಡಿ ಓಡಾಟ ನಿಲ್ಲಿಸಿ ಎರಡೂ ಬದಿಗೆ ಚಿತ್ರ ಹರಡ್ತಾರೆ. ಅರ್ಜಿ ತಿಂಗಳುಗಳ ಮೊದಲೇ ಕರೀತಾರೆ, ಡಿಸೆಂಬರಲ್ಲಿ ನೆನಪಾದ್ರೆ ಕೆಲಸ ಕೆಟ್ಟಿತು ಅಂತಾನೇ. ಮೊದಲ ಸಲ ಹೋದಾಗ ನಾನು ಮೂರಡಿ ನಾಲ್ಕಡಿಯ ಕ್ಯಾನ್ವಾಸ್ ಏಳು ತಗೊಂಡು ಹೋಗಿದ್ದೆ, ಏಳೂ ವಾಪಸ್ ತಗೊಂಡು ಬಂದೆ, ಆಟೋದವನು ಎರಡು ಸಲಾನೂ ಡಬಲ್ ಕೇಳಿದ. ಯಾಕಂದ್ರೆ ಅಲ್ಲಿಗೆ ಜನ ಬರೋದು ಕಡಲೆಕಾಯಿ ಪರಿಷೆಗೆ ಬಂದ ಹಾಗೆ, ಮಕ್ಕಳು ಮರಿ ಕಟ್ಕೊಂಡು, ಮೆಟ್ರೋದಲ್ಲಿ, ಸ್ಕೂಟರಲ್ಲಿ. ಸ್ಕೂಟರ್ ಮೇಲೆ ಹೋಗೋ ಸೈಜು ಇದ್ರೆ ಮನಸ್ಸು ಮಾಡ್ತಾರೆ. ಜಲವರ್ಣ ಅಂದ್ರಲ್ಲ, ನಿಮಗೆ ಅದೇ ಅನುಕೂಲ. ಪೋಸ್ಟ್‌ಕಾರ್ಡ್ ಸೈಜಿಂದು ಒಂದಷ್ಟು, ಎ4 ಹತ್ತಿರದ್ದು ಇಪ್ಪತ್ತು ಮೂವತ್ತು, ದೊಡ್ಡದು ಎರಡೋ ಮೂರೋ. ದೊಡ್ಡದು ಮಾರೋಕಲ್ಲ, ಜನ ನಿಲ್ಲೋಕೆ.

ಸಾಮಾನು: ಹಗ್ಗ, ಕ್ಲಿಪ್ಪು, ಟೋಪಿ, ಚಿತ್ರ ಹಾಕಿ ಕೊಡೋಕೆ ಪ್ಲಾಸ್ಟಿಕ್ ಕವರ್ ಮತ್ತೆ ಹಿಂದೆ ಇಡೋಕೆ ರಟ್ಟು, ನೂರರ ಚಿಲ್ಲರೆ, ಕ್ಯೂಆರ್ ಕೋಡ್ ಪ್ರಿಂಟ್ ಹಾಕಿಸಿದ್ದು. ಅಷ್ಟು ಜನಕ್ಕೆ ಮಧ್ಯಾಹ್ನ ನೆಟ್‌ವರ್ಕ್ ಕೈಕೊಡುತ್ತೆ, ಅದಕ್ಕೇ ಚಿಲ್ಲರೆ. ಜೊತೆಗೆ ಒಬ್ರು ಮನುಷ್ಯರು ಬೇಕೇ ಬೇಕು, ಊಟಕ್ಕೆ ಬಾತ್‌ರೂಮಿಗೆ ಹೋಗ್ಬೇಕಲ್ಲ. ಗಂಡನ್ನ ಕರ್ಕೊಂಡು ಬನ್ನಿ, ಆದ್ರೆ ರೇಟ್ ಹೇಳೋಕೆ ಬಿಡಬೇಡಿ, ನಮ್ಮನೆಯವರು ಒಂದ್ಸಲ 3 ಸಾವಿರದ್ದನ್ನ 'ತಗೊಳ್ಳಿ ಸರ್, ಪರ್ವಾಗಿಲ್ಲ' ಅಂತ 900ಕ್ಕೆ ಕೊಟ್ಟು ನಗ್ತಾ ನಿಂತಿದ್ರು.

ರೇಟಿಗೆ ಒಂದು ಸುಲಭದ ಲೆಕ್ಕ ಇದೆ. ಉದ್ದ ಅಗಲ ಇಂಚಿನಲ್ಲಿ ಅಳೆದು ಕೂಡಿಸಿ, ಗುಣಿಸಬೇಡಿ, ಬಂದಿದ್ದಕ್ಕೆ ಇಂಚಿಗೆ ಇಷ್ಟು ಅಂತ ಹಾಕಿ. 12ಕ್ಕೆ 16 ಇಂಚಿನ ಚಿತ್ರ ಅಂದ್ರೆ 28, ಇಂಚಿಗೆ 100 ಅಂದ್ರೆ 2,800. 24ಕ್ಕೆ 32 ಆದ್ರೆ 56, ಅಂದ್ರೆ 5,600. ಗುಣಿಸಿ ಚದರ ಇಂಚಿನ ಲೆಕ್ಕ ಹಿಡಿದ್ರೆ ದೊಡ್ಡದು ನಾಲ್ಕು ಪಟ್ಟಾಗಿ 11,200ಕ್ಕೆ ಹೋಗುತ್ತೆ, ಹೊಸಬರ ಹತ್ರ ಅಷ್ಟು ಕೊಡೋರು ಸಿಗಲ್ಲ. ಈಗ ಈ 2,800ನ್ನ ತಿರುಗಿಸಿ ನೋಡಿ, ಕಾಗದ ಬಣ್ಣ ಮೌಂಟು 400, ನಿಮ್ಮ ಕೆಲಸ ಎಂಟು ಗಂಟೆ, ಅಲ್ಲಿಗೆ ಗಂಟೆಗೆ 300 ಬಿತ್ತು. ಇದು ನಿಮಗೆ ಒಪ್ಪಿಗೆನಾ? ಇಲ್ಲ ಅಂದ್ರೆ ಇಂಚಿನ ರೇಟ್ ಏರಿಸಿ, ಹೌದು ಅಂದ್ರೆ ಅದನ್ನೇ ಹಿಡ್ಕೊಂಡು ನಿಲ್ಲಿ. ಫ್ರೇಮಿಂದು ಯಾವಾಗಲೂ ಬೇರೆ.

ನಿಲ್ಲೋದು ಅಂದೆನಲ್ಲ, ಅದೇ ಕಷ್ಟ. ಸಂಜೆ ನಾಲ್ಕಾದ್ಮೇಲೆ ಚೌಕಾಸಿಯವರು ಬರ್ತಾರೆ, ನೀವೂ ಸುಸ್ತಾಗಿರ್ತೀರಿ, ವಾಪಸ್ ಹೊತ್ಕೊಂಡು ಹೋಗೋದು ಬೇರೆ. ಆಗ ರೇಟ್ ಇಳಿಸೋ ಬದಲು ಒಂದು ಪೋಸ್ಟ್‌ಕಾರ್ಡ್ ಚಿತ್ರ ಸುಮ್ನೆ ಕೊಡಿ. ಬೆಳಿಗ್ಗೆ 2,800 ಕೊಟ್ಟವರು ಸಂಜೆ ಅದೇ ಸೈಜು 1,200ಕ್ಕೆ ಹೋಗೋದು ನೋಡಿದ್ರೆ ಇನ್ನೊಮ್ಮೆ ನಿಮ್ಮ ಹತ್ರ ಬರಲ್ಲ. ನಾಳೆ ಯಾವುದೋ ಗ್ಯಾಲರಿಯವರು ಕರೆದ್ರು ಅಂದ್ಕೊಳ್ಳಿ, ಅವರು ಸಾಮಾನ್ಯವಾಗಿ ಶೇ 30ರಿಂದ 50ರವರೆಗೆ ಕಮಿಷನ್ ಹಿಡೀತಾರೆ, ಅವರ ಗೋಡೆ ಮೇಲೆ 6 ಸಾವಿರ ಇರೋದು ನಿಮ್ಮ ಮನೇಲಿ 3 ಸಾವಿರಕ್ಕೆ ಸಿಗುತ್ತೆ ಅಂತ ಗೊತ್ತಾದ್ರೆ ಅವತ್ತೇ ನಂಟು ಮುಗೀತು. ಸಂತೆ, ಮನೆ, ಗ್ಯಾಲರಿ, ಎಲ್ಲಾ ಕಡೆ ಒಂದೇ ರೇಟ್ ಇರಲಿ. ಆಮೇಲೆ, ಒಂದು ಪುಸ್ತಕ ಇಟ್ಟು ಬಂದವರ ಹೆಸರು ನಂಬರ್ ಬರೆಸ್ಕೊಳ್ಳಿ, ಸಂತೆಗಿಂತ ಸಂತೆ ಆದ ಮೇಲಿನ ಎರಡು ತಿಂಗಳಲ್ಲಿ ನನಗೆ ಜಾಸ್ತಿ ಕೆಲಸ ಬಂದಿದೆ.

ಮೇಡಮ್ಮರ, ನಾ ಧಾರವಾಡದಾಗ ಪೋರ್ಟ್ರೇಟ್ ಮಾಡ್ತೀನ್ರಿ. ಬೀಗರು, ಗೆಳ್ಯಾರು ಎಲ್ಲಾರೂ 'ನಮ್ದೊಂದು ತಗದ್ ಕೊಡೋ' ಅಂತಾರ, ರೊಕ್ಕ ಕೇಳಿದ್ರ ಮಾರಿ ಸಣ್ಣ ಮಾಡ್ತಾರ. ಹ್ಯಾಂಗ್ ಮಾಡ್ಲಿ? (ಧಾರವಾಡದ ಓದುಗ)

ವರ್ಷಕ್ಕ ಮೂರು ಚಿತ್ರ ಉಡುಗೊರೆ ಅಂತ ಮೊದಲೇ ತೀರ್ಮಾನ ಮಾಡಿಬಿಡ್ರಿ, ಯಾರಿಗೆ ಅಂತ ಯುಗಾದಿ ದಿನಾನೇ ಬರೆದಿಡ್ರಿ. ನಾಲ್ಕನೇಯವರು ಬಂದ್ರೆ 'ಈ ವರ್ಷದ್ದು ಮುಗೀತಪ್ಪ' ಅನ್ನೋಕೆ ಬಾಯಿ ಬರುತ್ತೆ, ಸುಳ್ಳೂ ಆಗಲ್ಲ. ಆ ಮೂವರಿಗೂ ಬಿಲ್ ಕೊಡಿ. ಚಿತ್ರದ ಬೆಲೆ 4,000, ಪ್ರೀತಿಯ ರಿಯಾಯಿತಿ 4,000, ಕೊಡಬೇಕಾದ್ದು 0 ಅಂತ ಬರೆದು ಸಹಿ ಹಾಕಿ. ನಗ್ತಾರೆ, ನಗಲಿ, ಇನ್ನೊಬ್ರಿಗೆ ಹೇಳುವಾಗ 'ಸುಮ್ನೆ ಬರೆದುಕೊಟ್ಟ' ಅನ್ನಲ್ಲ, 'ನಾಕ್ ಸಾವಿರದ್ದು ಕೊಟ್ಟ' ಅಂತಾರೆ.

ನಮ್ಮೂರ ಹತ್ತಿರದ ಒಂದು ಹೋಂಸ್ಟೇ ಗೋಡೆಗೆ ಚಿತ್ರ ಬರೆದುಕೊಟ್ಟೆ, ಮಾತಾಡಿದ 35 ಸಾವಿರ ಕೊಟ್ಟರು. ಈಗ ನೋಡಿದ್ರೆ ಅದೇ ಚಿತ್ರ ಮಗ್ಗು, ಟೀಶರ್ಟು, ಕಾಫಿಪುಡಿ ಪ್ಯಾಕೆಟ್ ಮೇಲೆಲ್ಲಾ ಇದೆ. ಕೇಳಿದ್ರೆ ದುಡ್ಡು ಕೊಟ್ಟಾಗಿದೆಯಲ್ಲ ಅಂತಾರೆ. ಕಾಪಿರೈಟ್ ನಂದೇ ಅಲ್ವಾ? (ಚಿಕ್ಕಮಗಳೂರಿನ ಓದುಗರು)

ನಿಮ್ಮದೇ ಅಂತ ಹೇಳೋಕೆ ನನಗೂ ಆಸೆ. ಆದ್ರೆ ನಮ್ಮಲ್ಲಿ ತುಂಬಾ ಜನಕ್ಕೆ ಗೊತ್ತಿಲ್ಲದ ಒಂದು ಗುಂಡಿ ಇಲ್ಲಿದೆ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಚಿತ್ರ ಬರೆದವರೇ ಮೊದಲ ಒಡೆಯರು, ಸರಿ. ಅದೇ 17ನೇ ಸೆಕ್ಷನ್ನಿನಲ್ಲಿ ಒಂದು ವಿನಾಯಿತಿ ಇದೆ: ಯಾರೋ ಹೇಳಿ, ದುಡ್ಡು ಕೊಟ್ಟು ಬರೆಸಿದ ಪೇಂಟಿಂಗು, ಪೋರ್ಟ್ರೇಟು, ತೆಗೆಸಿದ ಫೋಟೋ ಆದ್ರೆ, ಬೇರೆ ಒಪ್ಪಂದ ಇಲ್ಲದಿದ್ದಾಗ ಬರೆಸಿದವರೇ ಮೊದಲ ಒಡೆಯರು. ಅಂದ್ರೆ ಬಾಯಿಮಾತಲ್ಲಿ ಕೆಲಸ ಒಪ್ಪಿಕೊಂಡು ಅಡ್ವಾನ್ಸ್ ತಗೊಂಡಾಗ್ಲೇ ಅರ್ಧ ಕೈಬಿಟ್ಟ ಹಾಗೆ. ನೀವೇ ಬರೆದಿಟ್ಟುಕೊಂಡಿದ್ದ ಚಿತ್ರವನ್ನ ಅವರು ಆಮೇಲೆ ಬಂದು ಕೊಂಡಿದ್ರೆ ಕಥೆ ಬೇರೆ, ಅಲ್ಲಿ ಅವರಿಗೆ ಸಿಗೋದು ಕ್ಯಾನ್ವಾಸು, ಕಾಪಿರೈಟಲ್ಲ.

ಹಾಗಂತ ಕೈಕಟ್ಟಿ ಕೂರಬೇಡಿ. ಹಳೇ ವಾಟ್ಸಾಪ್ ಎಲ್ಲಾ ತೆಗೆದು ನೋಡಿ, 'ರಿಸೆಪ್ಷನ್ ಗೋಡೆಗೆ ಮಾತ್ರ' ಅನ್ನೋ ತರ ಏನಾದ್ರೂ ಮಾತಾಗಿದ್ರೆ ಅದನ್ನ ಒಪ್ಪಂದ ಅಂತ ವಾದ ಮಾಡೋಕೆ ಜಾಗ ಇದೆ, ವಕೀಲರಿಗೆ ತೋರಿಸಿ. ಇನ್ನೊಂದು, 57ನೇ ಸೆಕ್ಷನ್. ಕಾಪಿರೈಟ್ ಯಾರ ಕೈಗೇ ಹೋಗಲಿ, ಇದು ನನ್ನ ಕೃತಿ ಅಂತ ಹೇಳ್ಕೊಳ್ಳೋ ಹಕ್ಕು, ಅದನ್ನ ವಿಕಾರ ಮಾಡಿ ಹೆಸರು ಕೆಡಿಸಿದ್ರೆ ತಡೆಯೋ ಹಕ್ಕು ಬರೆದವರದ್ದೇ. ದಿಲ್ಲಿಯ ವಿಜ್ಞಾನ ಭವನದಲ್ಲಿ ಶಿಲ್ಪಿ ಅಮರನಾಥ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪ ಇತ್ತು, 1979ರಲ್ಲಿ ಸರ್ಕಾರದವರು ಕಿತ್ತು ಗೋಡೌನಿಗೆ ಎಸೆದ್ರು, ಅವರು ಕೋರ್ಟಿಗೆ ಹೋದ್ರು, 2005ರಲ್ಲಿ ದಿಲ್ಲಿ ಹೈಕೋರ್ಟು ಶಿಲ್ಪ ವಾಪಸ್ ಕೊಡಿ, ಜೊತೆಗೆ 5 ಲಕ್ಷ ಪರಿಹಾರ ಕೊಡಿ ಅಂತು. ಎಷ್ಟು ವರ್ಷ ಆಯ್ತು ನೋಡಿ, ಅದಕ್ಕೇ ನಾನು ಹೇಳೋದು ಮೊದಲು ಒಂದು ಸಲ ಹೋಂಸ್ಟೇಗೆ ಹೋಗಿ ಕಾಫಿ ಕುಡಿದು ಮಾತಾಡಿ. ಪ್ಯಾಕೆಟ್ ಮೇಲೆ ನಿಮ್ಮ ಹೆಸರು, ಮಾರಾಟದಲ್ಲಿ ಇಷ್ಟು ಅಂತ ಒಂದು ಪಾಲು, ಇಲ್ಲಾಂದ್ರೆ ಮುಂದಿನ ಡಿಸೈನ್ ಕೆಲಸ. ಕೆಲವರು ಕೇಳಿದ್ರೆ ಕೊಡ್ತಾರೆ, ಯಾರೂ ಕೇಳಿರಲ್ಲ ಅಷ್ಟೇ.

ಮುಂದಿನ ಸಲ ಬ್ರಷ್ ಅದ್ದೋಕೆ ಮೊದಲು ಇಷ್ಟನ್ನ ಬರೆದು ಇಬ್ರೂ ಸಹಿ ಮಾಡಿ: 'ಈ ಚಿತ್ರದ ಕಾಪಿರೈಟ್ ಕಲಾವಿದರದ್ದು. ಈ ದುಡ್ಡು ಈ ಗೋಡೆಗೆ ಮಾತ್ರ. ಬೇರೆ ಯಾವುದರ ಮೇಲಾದ್ರೂ ಹಾಕೋದಾದ್ರೆ ಬೇರೆ ರೇಟು, ಬೇರೆ ಕಾಗದ.' ಹಕ್ಕು ಬರೆದುಕೊಡೋದೇ ಆದ್ರೂ ಎಷ್ಟು ವರ್ಷಕ್ಕೆ, ಎಲ್ಲೆಲ್ಲಿಗೆ ಅಂತ ನಮೂದಿಸಿ. ವರ್ಷ ಬರೀದಿದ್ರೆ ಕಾಯ್ದೆ ಅದನ್ನ ಐದು ವರ್ಷ ಅಂತ ಹಿಡಿಯುತ್ತೆ, ಜಾಗ ಬರೀದಿದ್ರೆ ಭಾರತದೊಳಗೆ ಅಂತ.

ಪುಸ್ತಕಕ್ಕೆ ಚಿತ್ರ ಬರೆದುಕೊಟ್ಟು ಎಂಟು ತಿಂಗಳಾಯ್ತು, ದುಡ್ಡು ಬಂದಿಲ್ಲ. ಜೋರು ಮಾಡಿದ್ರೆ ಮುಂದೆ ಕೆಲಸ ಕೊಡಲ್ಲ ಅಂತ ಭಯ. (ಬೆಂಗಳೂರಿನ ಓದುಗರು)

ಇಗೋ ನನ್ನ ಕಥೆ. ಒಬ್ಬ ಪ್ರಕಾಶಕರಿಗೆ 42 ಚಿತ್ರ ಬರೆದುಕೊಟ್ಟು 14 ತಿಂಗಳು ಕಾದೆ. ಆ ಹೊತ್ತಿಗೆ ನನ್ನ ಹತ್ರ ಬಿಲ್ ಇಲ್ಲ, ತಾರೀಖಿಲ್ಲ, ಮಾತಾಡಿದ್ದು ಚಿತ್ರಕ್ಕೆ 600 ಅಂತಾನೋ 500 ಅಂತಾನೋ ಅದೂ ನೆನಪಿಲ್ಲ. ಅಪ್ಪನಿಗೆ ಹೇಳಿದ್ರೆ, 'ಅಂಗಡಿ ಗೋಡೆ ಮೇಲೆ ದಯವಿಟ್ಟು ಸಾಲ ಕೇಳಬೇಡಿ ಅಂತ ಬಣ್ಣದಲ್ಲಿ ಬರೆದವಳು ನೀನೇ ಅಲ್ವೇನೇ' ಅಂದ್ರು. ಕೊನೆಗೆ ಬಂದಿದ್ದು ಅರ್ಧ. ಆ ಪ್ರಕಾಶಕರು ಮುಂದೆ ಕೆಲಸಾನೂ ಕೊಡಲಿಲ್ಲ, ಹೆದರಿ ಸುಮ್ಮನಿದ್ದದ್ದಕ್ಕೆ ಅಷ್ಟೂ ಲಾಭ ಸಿಗಲಿಲ್ಲ.

ಈಗ ನಾನು ಅರ್ಧ ಅಡ್ವಾನ್ಸ್ ಇಲ್ಲದೆ ಸ್ಕೆಚ್ಚೂ ಕಳಿಸಲ್ಲ, ಎರಡು ಸಲ ತಿದ್ದಿಕೊಡ್ತೀನಿ, ಮೂರನೇದಕ್ಕೆ ಚಾರ್ಜು, ದುಡ್ಡು ಪೂರ್ತಿ ಬಂದ್ಮೇಲೆ ಪ್ರಿಂಟಿಗೆ ಬೇಕಾದ ದೊಡ್ಡ ಫೈಲು. ನೀವು ಉದ್ಯಮ್ ನೋಂದಣಿ ಮಾಡಿಸ್ಕೊಳ್ಳಿ, ಅಂದ್ರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸೋದು, ಆಧಾರ್, ಪ್ಯಾನ್ ಇದ್ರೆ ಸಾಕು, ಫೀಸಿಲ್ಲ, ಸರ್ಕಾರದ ವೆಬ್‌ಸೈಟಲ್ಲೇ ಮಾಡಿ, ದುಡ್ಡು ಕೇಳೋ ಏಜೆಂಟ್ ಸೈಟುಗಳು ಬೇರೆ ಇವೆ ಹುಷಾರು. 2006ರ ಎಂಎಸ್‌ಎಂಇ ಕಾಯ್ದೇಲಿ ಸಣ್ಣ ಉದ್ಯಮದವರಿಗೆ ಹೆಚ್ಚಂದ್ರೆ 45 ದಿನದೊಳಗೆ ದುಡ್ಡು ಕೊಡಬೇಕು, ತಪ್ಪಿದ್ರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಅಂತ ಇದೆ. ಕೆಲಸ ಶುರು ಮಾಡೋಕೆ ಮೊದಲೇ ನೋಂದಣಿ ಆಗಿದ್ರೆ ಒಳ್ಳೇದು, ಆದ್ರಿಂದ ಈ ಹಳೇ ಬಾಕಿಗೆ ನಂಬ್ಕೋಬೇಡಿ, ಮುಂದಿನದಕ್ಕೆ ಆಯ್ತು. ಬಿಲ್ಲಿನ ಕೆಳಗೆ ಉದ್ಯಮ್ ನಂಬರ್ ಹಾಕಿ ಕಳಿಸೋಕೆ ಶುರು ಮಾಡಿದ್ಮೇಲೆ ಅಕೌಂಟ್ಸ್‌ನವರು ನನ್ನ ಫೋನ್ ಎತ್ತೋಕೆ ಶುರು ಮಾಡಿದಾರೆ. ಈ ಎಂಟು ತಿಂಗಳ ಬಾಕಿಗೆ ಮೊದಲು ತಾರೀಖು ಹಾಕಿ ಬಿಲ್ ಇಮೇಲ್ ಮಾಡಿ, ವಾರಕ್ಕೊಂದು ಸಲ ನೆನಪಿಸಿ. ಜೋರು ಬೇಡ, ಬಿಡೋದೂ ಬೇಡ.

ನಮ್ಮಮ್ಮ ಹಸೆ ಚಿತ್ತಾರ ಬರೀತಾರೆ, ನಮ್ಮ ಮಲೆನಾಡಿನ ಮನೆಗೋಡೆ ಚಿತ್ರ. ಪ್ರಿಂಟ್ ಮಾಡಿಸಿ ಮಾರಿದ್ರೆ ಕೈಯಲ್ಲಿ ಬರೆದದ್ದಕ್ಕೆ ಬೆಲೆ ಹೋಗುತ್ತಾ? (ಸಾಗರದ ಓದುಗ)

ರಾಜಾ ರವಿವರ್ಮ 1894ರಲ್ಲಿ ಮುಂಬೈನಲ್ಲಿ ಪ್ರೆಸ್ ಹಾಕಿ ಲಕ್ಷ್ಮಿ ಸರಸ್ವತಿಯರನ್ನ ಪ್ರಿಂಟ್ ಹೊಡೆಸಿದ್ರು, ಅವು ಇಡೀ ದೇಶದ ದೇವರಮನೆಗೆ ಹೋದ್ವು. ಅವರು ಕೈಯಲ್ಲಿ ಬರೆದವಕ್ಕೆ ಏನಾದ್ರೂ ಬೆಲೆ ಕಮ್ಮಿ ಆಯ್ತಾ? ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಿ ನೋಡಿ, ಜನ ಇವತ್ತಿಗೂ ಅವುಗಳ ಮುಂದೆ ನಿಲ್ತಾರೆ. ಆದ್ರೆ ಪ್ರೆಸ್ಸು ಮಾತ್ರ ಸಾಲಕ್ಕೆ ಸಿಕ್ಕಿ, ಕೊನೆಗೆ ಅಲ್ಲೇ ಕೆಲಸಕ್ಕಿದ್ದ ಜರ್ಮನ್ ತಂತ್ರಜ್ಞರಿಗೆ ಮಾರಬೇಕಾಯ್ತು. ಅದಕ್ಕೇ ನೀವು ಜಾಸ್ತಿ ಪ್ರಿಂಟ್ ಹೊಡೆಸಿ ಸ್ಟಾಕ್ ಇಟ್ಟು ದುಡ್ಡು ಸಿಕ್ಕಿಸ್ಕೋಬೇಡಿ. ಐನೂರು ಹಾಕಿಸಿದ್ರೆ ಒಂದೊಂದಕ್ಕೆ ಅಗ್ಗ ಬೀಳುತ್ತೆ ಅಂತ ಪ್ರೆಸ್ಸಿನವರು ಹೇಳ್ತಾರೆ, ಕೇಳಬೇಡಿ, ಮಲೆನಾಡಿನ ಮಳೇಲಿ ಬೂಸ್ಟು ಬಂದು ಹೋಗುತ್ತೆ. 25 ಹಾಕಿಸಿ, 1/25, 2/25 ಅಂತ ಪೆನ್ಸಿಲಲ್ಲಿ ನಂಬರ್ ಹಾಕಿ ಅಮ್ಮನ ಸಹಿ ಮಾಡಿಸಿ, 25 ಅಂದ್ಮೇಲೆ 26ನೇದು ಹಾಕಿಸಬೇಡಿ. ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿ, ಪುಂಡಿ ನಾರಿನ ಗೆರೆ, ಅದು ಯಾವ ಪ್ರಿಂಟರಿಗೂ ಬರಲ್ಲ, ಹಾಗಾಗಿ ಮೂಲದ ಬೆಲೆ ಧೈರ್ಯವಾಗಿ ಹತ್ತು ಪಟ್ಟು ಇಡಿ. ಮುಖ್ಯ, ಊರು ಮತ್ತೆ ಅಮ್ಮನ ಹೆಸರು ಪ್ರತಿಯೊಂದರ ಹಿಂದೆ ಇರಲಿ, 'ಟ್ರೈಬಲ್ ಆರ್ಟ್' ಅಂತ ಚೀಟಿ ಅಂಟಿಸಿ ಬೆಂಗಳೂರಲ್ಲಿ ಮಾರೋರಿಗೆ ಸಗಟು ಕೊಡೋದಾದ್ರೆ ಆ ಚೀಟೀಲೂ ಹೆಸರು ಬರಬೇಕು ಅಂತ ಮೊದಲೇ ಹೇಳಿ.

ಎಐ ಬಂದ್ಮೇಲೆ ನಮ್ಮ ಗತಿ ಏನು ಮೇಡಂ? (ಮೂವರು ಕೇಳಿದಾರೆ)

ಈ ವರ್ಷ ನನಗೂ ಎರಡು ಕವರ್ ಪೇಜ್ ಕೆಲಸ ಹೋಯ್ತು, ಸುಳ್ಳು ಹೇಳಲ್ಲ. ಅಗ್ಗದ ಕೆಲಸ ಮೊದಲು ಹೋಗುತ್ತೆ, ಹೋಗ್ತಾ ಇದೆ. ಗೋಡೆ ಹತ್ತಿ ಬರೆಯೋದು, ಮದುವೆ ಮನೇಲಿ ಕೂತು ಎದುರಿಗೇ ಸ್ಕೆಚ್ ಮಾಡಿಕೊಡೋದು, ಮಕ್ಕಳ ಕೈ ಹಿಡಿದು ಕಲಿಸೋದು ಸದ್ಯಕ್ಕೆ ಇನ್ನೂ ನಮ್ಮ ಹತ್ರಾನೇ ಇದೆ, ನಾನು ಆ ಕಡೆ ವಾಲ್ತಾ ಇದೀನಿ.

ಅಮೆರಿಕದಲ್ಲಿರೋ ಕನ್ನಡದವರೊಬ್ರು ನನ್ನ ಯಕ್ಷಗಾನದ ಅಕ್ರಿಲಿಕ್ ಚಿತ್ರ ಕೇಳಿದಾರೆ, ಮೂರಡಿಗೆ ಎರಡಡಿ. ಕಳಿಸೋದು ಹೇಗೆ? (ಮಂಗಳೂರಿನ ಓದುಗರು)

ದುಡ್ಡು ಪೂರ್ತಿ ಬಂದ್ಮೇಲೆ ಕಳಿಸಿ, ಕೊರಿಯರ್ ಖರ್ಚೂ ಸೇರಿಸಿ. ಮರದ ಚೌಕಟ್ಟಿಂದ ಬಿಚ್ಚಿ ಸುತ್ತಿ ಕಳಿಸೋದು ಅಗ್ಗ, ಅಲ್ಲೇ ಮತ್ತೆ ಬಿಗಿಸ್ಕೊಳ್ತಾರೆ. ಹಾರ್ಡ್‌ವೇರ್ ಅಂಗಡೀಲಿ ದಪ್ಪ ಪಿವಿಸಿ ಪೈಪು ಸಿಗುತ್ತೆ, ಆರಿಂಚಿನದು ತಗೊಳ್ಳಿ, ಸಣ್ಣದರಲ್ಲಿ ಬಿಗಿಯಾಗಿ ಸುತ್ತಿದ್ರೆ ಬಣ್ಣ ಬಿರುಕು ಬಿಡುತ್ತೆ. ಎಲ್ಲರೂ ಬಣ್ಣದ ಬದಿ ಒಳಗೆ ಮಾಡಿ ಸುತ್ತುತ್ತಾರೆ, ತಪ್ಪು, ಬಣ್ಣದ ಬದಿ ಹೊರಗೆ ಬರಬೇಕು, ಮೇಲೆ ಬಟರ್ ಪೇಪರ್, ಅದರ ಮೇಲೆ ಬಬಲ್ ಶೀಟು. ಅಕ್ರಿಲಿಕ್ ಆದ್ರಿಂದ ಬಬಲ್ ಶೀಟ್ ನೇರವಾಗಿ ತಾಗಿದ್ರೆ ಅಂಟ್ಕೊಂಡು ಗುಳ್ಳೆ ಗುರುತು ಉಳಿಯುತ್ತೆ, ನಿಮ್ಮ ಮಹಿಷಾಸುರನಿಗೆ ಸಿಡುಬು ಬಂದ ಹಾಗೆ ಕಾಣುತ್ತೆ. ಇನ್‌ವಾಯ್ಸಲ್ಲಿ ಬರೆದ ವರ್ಷ, ಸೈಜು, ಮಾಧ್ಯಮ, ಬೆಲೆ ಹಾಕಿ. ನೂರು ವರ್ಷ ದಾಟಿದ ಹಳೇ ವಸ್ತುಗಳನ್ನ ಹೊರದೇಶಕ್ಕೆ ಕಳಿಸೋಕೆ ನಮ್ಮಲ್ಲಿ ನಿರ್ಬಂಧ ಇದೆ, ವರ್ಷ ಕಂಡ್ರೆ ಆ ಪ್ರಶ್ನೆ ಬರಲ್ಲ. ಮತ್ತೆ ಪೈಪಿನ ಎರಡೂ ಮುಚ್ಚಳಕ್ಕೆ ಟೇಪ್ ಹಾಕಿ, ಗಮ್ ಹಾಕಬೇಡಿ, ನಾನು ಹಾಕಿದ್ದೆ, ಪಾಪ ಅವರು ಗರಗಸದಲ್ಲಿ ಕೊಯ್ದು ತೆಗೆದ್ರಂತೆ.